ದಯೆಯ ಭಾರವನ್ನು ಹೊರುವವರಾರು?

ಮನೆಯು ಕೆಡುವುದಕ್ಕೆ ಮಹಾಪಾಪವೇ ನಡೆಯಬೇಕೆಂದಿಲ್ಲ. ಜೂಜು, ಮದ್ಯ, ಪರದ್ರವ್ಯಾಪಹಾರ ಇವುಗಳಿಂದ ಹಾಳಾದ ಸಂಸಾರಗಳನ್ನು ಊರೆಲ್ಲ ಬೆರಳು ಮಾಡಿ ತೋರಿಸುತ್ತದೆ. ಆದರೆ ಒಂದು ಸಣ್ಣ ಮಾತು ದಿನದಿನಕ್ಕೆ ಬಲಿತು ಗಂಡಹೆಂಡಿರ ನಡುವೆ ಗೋಡೆಯಾಗಿ ನಿಂತ ಮನೆಗಳ ಲೆಕ್ಕವನ್ನು ಇಟ್ಟವರಿಲ್ಲ. ಅಂತಹ ಮನೆಗಳಲ್ಲಿ ಲಿಂಗಪೂಜೆಗೆ ಲೋಪವಿರುವುದಿಲ್ಲ, ಹಣೆಯ ವಿಭೂತಿ ಮಾಸಿರುವುದಿಲ್ಲ, ಬಂದ ಜಂಗಮರಿಗೆ ಭಿಕ್ಷೆ ತಪ್ಪಿರುವುದಿಲ್ಲ. ಎಲ್ಲವೂ ಇದ್ದು ಒಬ್ಬರೊಡನೊಬ್ಬರ ಮಾತು ಮಾತ್ರ ಇರುವುದಿಲ್ಲ. ಗದಗ ಸೀಮೆಯ ಒಂದು ಊರಿನ ಇಂತಹ ಮನೆಯೊಂದರಲ್ಲಿ ಗಂಡಹೆಂಡಿರು ಹನ್ನೊಂದು ದಿನ ಮಾತು ಬಿಟ್ಟಿದ್ದರು. ಅದಕ್ಕೆ ಕಾರಣ ಒಂದು ನಾಯಿ. ಕೇಳಿದವರು ನಕ್ಕರು. ನಗತಕ್ಕ ಸಂಗತಿಯೇ ಹೌದು. ಆದರೆ ಒಳಹೊಕ್ಕು ನೋಡಿದರೆ ಗೃಹಸ್ಥಧರ್ಮದ ಕಠಿಣವಾದ ಪ್ರಶ್ನೆಯೊಂದು ಅದರಲ್ಲಿ ಅಡಗಿದೆ.

ಆ ಮನೆಯ ಯಜಮಾನನಿಗೆ ಬಜಾರದಲ್ಲಿ ಕಿರಾಣಿ ಅಂಗಡಿ. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆದರೆ ರಾತ್ರಿ ಒಂಬತ್ತಕ್ಕೆ ಮುಚ್ಚುವುದು. ಮನೆಯಲ್ಲಿ ವೃದ್ಧಳಾದ ತಾಯಿ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಶ್ರಾವಣದ ಒಂದು ಸೋಮವಾರ ರಾತ್ರಿ ಜಡಿಮಳೆ ಹಿಡಿದಿತ್ತು. ಅಂಗಡಿಯ ತಗಡಿನ ಕೆಳಗೆ, ಕಣ್ಣು ತೆರೆದು ಹೆಚ್ಚು ದಿನವಾಗಿರದ ಕಪ್ಪು ನಾಯಿಮರಿಯೊಂದು ನಡುಗುತ್ತ ಕೂಗುತ್ತಿತ್ತು. ಆತನು ಅದನ್ನು ಗೋಣಿಚೀಲದ ತುಂಡಿನಲ್ಲಿ ಸುತ್ತಿ ಮನೆಗೆ ತಂದನು.

"ಇದನ್ನ ಯಾಕ ತಂದ್ರಿ?" ಎಂದಳು ಹೆಂಡತಿ.

"ಮಳಿಯಾಗ ಸಾಯ್ತಿತ್ತು. ಜೀವ ಅಲ್ಲೇನು ಅದು?"

ಜೀವವೆಂದ ಮೇಲೆ ಎದುರು ಮಾತಿಲ್ಲ. ಆಕೆ ಒಳಗೆ ಹೋಗಿ ಹಾಲು ಬೆಚ್ಚಗೆ ಮಾಡಿ ತಂದಳು. ಅರಳೆಯನ್ನು ಹಾಲಿನಲ್ಲಿ ಅದ್ದಿ ಮರಿಯ ಬಾಯಿಗೆ ಹಿಂಡಿದವಳೂ ಆಕೆಯೇ. ಮಕ್ಕಳು ಅದಕ್ಕೆ ಕರಿಯನೆಂದು ಹೆಸರಿಟ್ಟರು.

ಎಂಟು ತಿಂಗಳು ಕಳೆದವು. ಮರಿ ಬೆಳೆದು ನಾಯಿಯಾಯಿತು. ಮುಂಜಾನೆ ಪಡಸಾಲೆಯ ಹೊಲಸನ್ನು ಬಳಿದು ನೆಲ ತೊಳೆಯುವುದು, ಎರಡು ಹೊತ್ತು ರೊಟ್ಟಿ ಮುರಿದು ಮಜ್ಜಿಗೆಯಲ್ಲಿ ನೆನೆಸಿ ಇಡುವುದು, ಕಚ್ಚಿ ಹರಿದ ಚಾದರ ಹೊಲಿಯುವುದು, ನೆರೆಮನೆಯವರ ಕೋಳಿಯ ತಂಟೆಗೆ ಹೋದಾಗ ಅವರ ಬೈಗಳನ್ನು ಕೇಳುವುದು ಇವೆಲ್ಲವೂ ಗೃಹಿಣಿಯ ಪಾಲಿಗೆ ಬಂದವು. ಯಜಮಾನನು ರಾತ್ರಿ ಬಂದು ಊಟ ಮಾಡಿ ಕಟ್ಟೆಯ ಮೇಲೆ ಕುಳಿತು ಅರ್ಧ ತಾಸು ನಾಯಿಯ ತಲೆ ಸವರುತ್ತಿದ್ದನು. ದಾರಿಯಲ್ಲಿ ಹೋಗುವವರು ನಿಂತು, ಎಂತಹ ಕರುಳಿನ ಮನುಷ್ಯ ಎಂದು ಹೊಗಳುತ್ತಿದ್ದರು. ಬಾಗಿಲ ಒಳಗೆ ತಾಟು ತೊಳೆಯುತ್ತಿದ್ದವಳಿಗೆ ಈ ಹೊಗಳಿಕೆ ಕೇಳಿಸುತ್ತಿತ್ತು.

ಚೈತ್ರದಲ್ಲಿ ಲಿಂಗೈಕ್ಯರಾದ ಹಿರಿಯ ಯಜಮಾನರ ಸ್ಮರಣೆಯ ದಿನ ಬಂತು. ಐವರು ಜಂಗಮರಿಗೆ ಪ್ರಸಾದದ ಆಮಂತ್ರಣವಿತ್ತು. ನಸುಕಿನಲ್ಲಿ ಎದ್ದು ಮಾಡಿದ ಹೋಳಿಗೆಯ ಬುಟ್ಟಿಯನ್ನು ಪಡಸಾಲೆಯ ಮೂಲೆಯಲ್ಲಿ ಮುಚ್ಚಿಟ್ಟಿದ್ದರು. ಕರಿಯನು ಅರಿವೆಯನ್ನು ಸರಿಸಿ ಬುಟ್ಟಿಗೆ ಬಾಯಿ ಹಾಕಿದನು. ಅಷ್ಟರಲ್ಲಿ ಜಂಗಮರು ಅಂಗಳಕ್ಕೆ ಬಂದಿದ್ದರು. ಆ ಹೊತ್ತು ಹೇಗೋ ದಾಟಿತು. ಅನ್ನ ಸಾರು ಪಲ್ಯಗಳಿಂದ ಪ್ರಸಾದ ನಡೆಯಿತು. ಎಲ್ಲರೂ ಹೋದ ಮೇಲೆ ಆಕೆ ಹೇಳಿದಳು: "ಈ ಮನಿಯಾಗ ಅದಾದರೂ ಇರಬೇಕು, ನಾನಾದರೂ ಇರಬೇಕು. ಲಿಂಗಪೂಜಿ ಆಗೋ ಮನಿ ಇದು. ನಾಯಿ ಒಳಗ ಬರಬಾರದು ಅಂತ ನಿಮಗ ಯಾರೂ ಹೇಳಿಲ್ಲೇನು?"

ಯಜಮಾನನು ಪ್ರತಿ ಶ್ರಾವಣದಲ್ಲಿ ಮಠದ ಪುರಾಣವನ್ನು ತಪ್ಪದೆ ಕೇಳುವವನು, ಉತ್ತರಕ್ಕೆ ಬರವಿರಲಿಲ್ಲ. ಧರ್ಮರಾಜನು ಸ್ವರ್ಗವನ್ನು ಬಿಟ್ಟರೂ ನಾಯಿಯನ್ನು ಬಿಡಲಿಲ್ಲವೆಂದನು. ಹಾವಿನಹಾಳ ಕಲ್ಲಯ್ಯನವರು ನಾಯಿಯಿಂದ ವೇದವನ್ನು ಓದಿಸಿದರೆಂದು ನೆನಪು ಮಾಡಿಕೊಟ್ಟನು.

"ನಿಮ್ಮ ನಾಯಿ ವೇದ ಓದೂದು ಬ್ಯಾಡ್ರಿ. ಪಡಸಾಲಿ ಹೊಲಸು ಮಾಡೂದು ಬಿಟ್ಟರ ಸಾಕು" ಎಂದಳು ಆಕೆ.

ಅಲ್ಲಿಗೆ ನಕ್ಕುಬಿಟ್ಟಿದ್ದರೆ ಜಗಳ ಮುಗಿಯುತ್ತಿತ್ತು. ಆತನು ನಗಲಿಲ್ಲ. ಹೆಂಡತಿಯ ಮಾತಿಗೆ ಮಕ್ಕಳು ನಕ್ಕದ್ದು ಆತನಿಗೆ ತಾಗಿತು. "ನಿನ್ನಕಿಂತ ಅದಕ್ಕ ನಿಯತ್ತು ಐತಿ" ಎಂದುಬಿಟ್ಟನು. ಹದಿನಾಲ್ಕು ವರ್ಷ ಆ ಮನೆಯ ಒಲೆಯ ಮುಂದೆ ದುಡಿದವಳಿಗೆ ಹೇಳಿದ ಮಾತು ಇದು. ಅಂದಿನಿಂದ ಮಾತು ನಿಂತಿತು. ಊಟಕ್ಕೆ ಕರೆಯುವುದು, ಸಾಮಾನಿನ ಚೀಟಿ ಕೊಡುವುದು ಎಲ್ಲವೂ ಮಕ್ಕಳ ಬಾಯಿಯಿಂದ ನಡೆಯಹತ್ತಿತು.

ಈ ಕಲಹದಲ್ಲಿ ಗಮನಿಸತಕ್ಕ ಮೊದಲ ಅಂಶವೆಂದರೆ, ಇಬ್ಬರೂ ಕೈಗೆತ್ತಿಕೊಂಡ ಆಯುಧಗಳು ಧರ್ಮದ ಆಯುಧಶಾಲೆಯಿಂದಲೇ ಬಂದವು. ಆತನು ದಯೆಯನ್ನು ಹಿಡಿದನು. ಆಕೆ ಶುಚಿಯನ್ನು ಹಿಡಿದಳು. ಎರಡೂ ಸದ್ಗುಣಗಳೇ. ಕೆಟ್ಟ ಮಾತುಗಳಿಂದ ಜಗಳವಾಡುವವರನ್ನು ಸಮಾಧಾನಪಡಿಸುವುದು ಸುಲಭ. ಒಳ್ಳೆಯ ಮಾತುಗಳಿಂದ ಜಗಳವಾಡುವವರನ್ನು ಸಮಾಧಾನಪಡಿಸುವುದು ಬಹಳ ಕಷ್ಟ. ಏಕೆಂದರೆ ಪ್ರತಿಯೊಬ್ಬರೂ ತಮ್ಮ ಹಟವನ್ನು ಬಿಟ್ಟರೆ ಧರ್ಮವನ್ನೇ ಬಿಟ್ಟಂತಾಗುವುದೆಂದು ಭಾವಿಸುತ್ತಾರೆ.

ಆತನ ದಯೆಯನ್ನು ಮೊದಲು ವಿಚಾರಿಸಬೇಕು. ಮಳೆಯಲ್ಲಿ ನಡುಗುವ ಮರಿಯನ್ನು ಕಂಡು ಕರುಳು ಕರಗಿದ್ದು ಸುಳ್ಳಲ್ಲ. ಆದರೆ ಕರಗುವುದು ಬೇರೆ, ದಯೆ ಬೇರೆ. ಮರುಕವು ಕ್ಷಣದ ಸಂಗತಿ. ಹಸಿವು ನಿದ್ರೆಗಳಂತೆ ತಾನೇ ಬರುತ್ತದೆ, ತಾನೇ ಹೋಗುತ್ತದೆ. ದಯೆಯೆಂಬುದು ಆ ಕ್ಷಣದ ನಂತರ ಬರುವ ದಿನಗಳ ಕೆಲಸ. ಬಸವಣ್ಣನವರು ಸಕಲ ಪ್ರಾಣಿಗಳ ಮೇಲಿನ ದಯೆಗೆ ಧರ್ಮದಲ್ಲಿ ಬುಡದ ಸ್ಥಾನವನ್ನು ಕೊಟ್ಟರೆಂಬುದನ್ನು ಅರಿಯದ ಲಿಂಗವಂತನಿಲ್ಲ. ಆದರೆ ಅದೇ ಶರಣರ ಬಳಗವು ಕಾಯಕವನ್ನೂ ಕಲಿಸಿತೆಂಬುದನ್ನು ಈ ಸಂದರ್ಭದಲ್ಲಿ ಹಲವರು ಮರೆಯುತ್ತಾರೆ. ದಯೆಗೂ ಒಂದು ಕಾಯಕವುಂಟು: ಅನ್ನ ಇಡುವುದು, ಹೊಲಸು ತೆಗೆಯುವುದು, ಬೇನೆ ಬಂದಾಗ ದವಾಖಾನೆಗೆ ಒಯ್ಯುವುದು. ಈ ಕಾಯಕವನ್ನು ಮಾಡುವವರು ಒಬ್ಬರು, ದಯಾಳುವೆನಿಸಿಕೊಳ್ಳುವವರು ಇನ್ನೊಬ್ಬರು ಎಂದಾದರೆ ಆ ಲೆಕ್ಕ ಸರಿಹೋಗುವುದಿಲ್ಲ. ಕಿರಾಣಿ ಅಂಗಡಿಯವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾಮಾನು ಒಯ್ದವನ ಹೆಸರು ಬಿಟ್ಟು ನೆರೆಯವನ ಖಾತೆಗೆ ಬಾಕಿ ಬರೆದರೆ ಏನಾಗುವುದೆಂದು ಆತನು ಬಲ್ಲನು. ಎಂಟು ತಿಂಗಳು ಆ ಮನೆಯಲ್ಲಿ ಪುಣ್ಯವು ಒಂದು ಖಾತೆಗೂ ದುಡಿಮೆಯು ಇನ್ನೊಂದು ಖಾತೆಗೂ ಜಮೆಯಾಗುತ್ತಿದ್ದವು.

ಇನ್ನು ಧರ್ಮರಾಜನ ಉದಾಹರಣೆ. ನಾಯಿ ಸಾಕಿದವರೆಲ್ಲರೂ ಇದನ್ನು ಹೇಳುತ್ತಾರೆ. ಪೂರ್ಣ ಓದಿದವರು ಕಡಮೆ. ಮಹಾಪ್ರಸ್ಥಾನಿಕ ಪರ್ವದಲ್ಲಿ ಐವರು ಪಾಂಡವರು ಮತ್ತು ದ್ರೌಪದಿ ಉತ್ತರದಿಕ್ಕಿಗೆ ನಡೆಯುತ್ತಾರೆ; ಅವರೊಡನೆ ಏಳನೆಯದಾಗಿ ಒಂದು ನಾಯಿ. ದಾರಿಯಲ್ಲಿ ಎಲ್ಲರಿಗಿಂತ ಮೊದಲು ಬಿದ್ದವಳು ದ್ರೌಪದಿ. ಆಕೆ ಏಕೆ ಬಿದ್ದಳೆಂದು ಭೀಮನು ಕೇಳಿದಾಗ ಧರ್ಮರಾಜನು ಆಕೆಯ ಒಂದು ದೋಷವನ್ನು, ಅರ್ಜುನನ ಮೇಲೆ ಆಕೆಗಿದ್ದ ಹೆಚ್ಚಿನ ಒಲವನ್ನು ಹೇಳಿ, ಹಿಂತಿರುಗಿ ನೋಡದೆ ಮುಂದೆ ನಡೆದನು. ನಾಯಿಯನ್ನು ಬಿಡಲಾರೆನೆಂದು ಇಂದ್ರನ ರಥದ ಮುಂದೆ ನಿಂತವನೂ ಆತನೇ. ಮಡದಿಯ ಬಳಿ ನಿಲ್ಲದ ಕಾಲು ನಾಯಿಗಾಗಿ ನಿಂತಿತು ಎಂದು ಯಾರಾದರೂ ಆಕ್ಷೇಪಿಸಿದರೆ ಅದು ಹೊಸ ಆಕ್ಷೇಪವಲ್ಲ. ಇಂದ್ರನೇ ಅದನ್ನು ಎತ್ತಿದ್ದಾನೆ. ತಮ್ಮಂದಿರನ್ನೂ ಹೆಂಡತಿಯನ್ನೂ ಬಿಟ್ಟು ಬಂದವನಿಗೆ ನಾಯಿಯನ್ನು ಬಿಡಲು ಏನು ಅಡ್ಡಿ ಎಂದು ಆತನು ಕೇಳಿದನು. ಸತ್ತವರನ್ನು ಬದುಕಿಸುವ ಶಕ್ತಿ ತನಗಿರಲಿಲ್ಲ, ಬದುಕಿದ್ದಾಗ ತಾನು ಅವರನ್ನು ಕೈಬಿಡಲಿಲ್ಲ ಎಂಬುದು ಧರ್ಮರಾಜನ ಉತ್ತರದ ಸಾರ. ಆ ಉತ್ತರವು ಆತನಿಗೆ ಎಷ್ಟು ಒಪ್ಪುವುದೋ ವಿದ್ವಾಂಸರು ಚರ್ಚಿಸಲಿ. ದ್ಯೂತಸಭೆಯನ್ನು ನೆನೆದವರಿಗೆ ಅದು ಪೂರ್ಣವಾಗಿ ಒಪ್ಪಲಾರದು. ಆದರೆ ಕಿರಾಣಿ ಅಂಗಡಿಯ ಯಜಮಾನನಿಗೆ ಆ ಉತ್ತರದ ಆಸರೆ ಸಿಕ್ಕುವುದೇ ಇಲ್ಲ. ಆತನ ಹೆಂಡತಿ ದಾರಿಯಲ್ಲಿ ಬಿದ್ದು ಹೋದವಳಲ್ಲ. ಎರಡು ಮಾರು ದೂರದಲ್ಲಿ, ಅಡಿಗೆಮನೆಯಲ್ಲಿ, ಜೀವಂತವಾಗಿ ಇದ್ದಾಳೆ. ಬದುಕಿರುವವರನ್ನು ಕೈಬಿಡಬಾರದೆಂಬ ಮಾತನ್ನು ನಾಯಿಗೆ ಅನ್ವಯಿಸಿದವನು ಮೊದಲು ಆಕೆಗೆ ಅನ್ವಯಿಸಬೇಕಾಗಿತ್ತು.

ಆಕೆಯ ಶುಚಿಯ ವಾದವೂ ಪರೀಕ್ಷೆಗೆ ನಿಲ್ಲುವಂತಹದಲ್ಲ. ಜನನ, ಮರಣ, ರಜಸ್ಸು, ಜಾತಿ, ಉಚ್ಛಿಷ್ಟ ಎಂಬ ಐದು ಸೂತಕಗಳು ಲಿಂಗಧಾರಿಗೆ ಇಲ್ಲವೆಂಬುದು ಶರಣಧರ್ಮದ ನಿಲುವು. ಇಷ್ಟಲಿಂಗವು ಅಂಗವನ್ನು ಬಿಟ್ಟಿರದ ಮೇಲೆ ನಾಯಿ ಹೊಸ್ತಿಲು ದಾಟಿದ ಮಾತ್ರಕ್ಕೆ ಪೂಜೆ ಕೆಡುವುದೆಂಬುದು ಸಲ್ಲದು. ಯಜಮಾನನು ಇದನ್ನೂ ಎತ್ತಿ ಆಡಿದ್ದನು. ಆದರೆ ಒಂದು ಭೇದವನ್ನು ಆತನು ಕಾಣಲಿಲ್ಲ. ಸೂತಕವಿಲ್ಲವೆಂದರೆ ಕಸ ಗುಡಿಸಬೇಕಾಗಿಲ್ಲ ಎಂದರ್ಥವಲ್ಲ. ಶರಣರು ಸೂತಕಗಳನ್ನು ಕಳೆದದ್ದು ಹೆಣ್ಣಿನ ಮೇಲೆ, ದುಡಿಯುವವರ ಮೇಲೆ ಹೊರಿಸಿದ್ದ ಭಾರವನ್ನು ಇಳಿಸುವುದಕ್ಕೆ. ಅದೇ ಮಾತಿನಿಂದ ಹೆಣ್ಣಿನ ಬೆನ್ನಿಗೆ ಮತ್ತೊಂದು ಹೊರೆ ಏರಿಸುವುದಕ್ಕಲ್ಲ.

ಮತ್ತು ಆಕೆ ನಿಜವಾಗಿ ಸೂತಕಕ್ಕೆ ಅಂಜಿದವಳಲ್ಲ. ಎಂಟು ತಿಂಗಳು ಅದೇ ನಾಯಿ ಅದೇ ಪಡಸಾಲೆಯಲ್ಲಿ ಮಲಗಿತ್ತು. ಲಿಂಗಪೂಜೆ ನಡೆದೇ ಇತ್ತು. ಹಾಗಾದರೆ ಆ ದಿನ ಮಡಿಯ ಮಾತು ಏಕೆ ಬಂತು? ಇಲ್ಲಿ ಗೃಹಸ್ಥರು ಸ್ವಲ್ಪ ನಿಂತು ವಿಚಾರಿಸಬೇಕು. ಮನೆಯಲ್ಲಿ ಹೆಂಗಸು "ನನಗೆ ದಣಿವಾಗಿದೆ" ಎಂದರೆ ಅದನ್ನು ಯಾರೂ ಕಾರಣವೆಂದು ಎಣಿಸುವುದಿಲ್ಲ. "ನನಗೆ ಹೆದರಿಕೆಯಾಗುತ್ತದೆ" ಎಂದರೆ ನಗುತ್ತಾರೆ. "ದೇವರಿಗೆ ಸಲ್ಲದು" ಎಂದರೆ ಮಾತ್ರ ಗಂಡಸರು ಕಿವಿಗೊಡುತ್ತಾರೆ. ತನ್ನ ಮಾತಿಗೆ ಬೆಲೆಯಿಲ್ಲದ ಕಡೆ ಮನುಷ್ಯರು ದೇವರ ಮಾತನ್ನು ಕಡ ತರುತ್ತಾರೆ. ಇದು ಕಪಟವೆನ್ನುವುದಾದರೆ, ಆ ಕಪಟಕ್ಕೆ ದಾರಿ ಮಾಡಿದವರ ಪಾಲೂ ಅದರಲ್ಲಿ ಇದೆ. ಒಳಗೊಂದು ಹೊರಗೊಂದು ಆಗಬಾರದೆಂದು ಶರಣರು ಬಾರಿಬಾರಿಗೂ ಎಚ್ಚರಿಸಿದರು. ಆದರೆ ಒಳಗಿನದನ್ನು ಹೊರಗೆ ಆಡಲು ಎಡೆಯಿರುವ ಮನೆಯೂ ಬೇಕಲ್ಲವೆ?

ಈ ವಿಷಯದಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯು ನೆನಪಿಗೆ ಬರತಕ್ಕದ್ದು. ಮಾರಯ್ಯನವರ ಕಾಯಕ ಕಲ್ಯಾಣದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಮನೆಗೆ ತಂದಾಗ ಲಕ್ಕಮ್ಮನವರು ಅದನ್ನು ಒಪ್ಪದೆ, ಹೆಚ್ಚಾದುದನ್ನು ಇದ್ದಲ್ಲಿಗೇ ಒಯ್ದು ಸುರಿದು ಬರುವಂತೆ ಗಂಡನನ್ನು ಕಳುಹಿಸಿದರು. ಈ ಕಥೆಯನ್ನು ಸಾಮಾನ್ಯವಾಗಿ ಆಸೆಯ ನಿರಾಕರಣೆಗೆ ಹೇಳುವುದುಂಟು. ಅದರಲ್ಲಿ ಇನ್ನೂ ಒಂದು ಅಂಶವಿದೆ. ಗಂಡನು ಹೊರಗಿನಿಂದ ಏನನ್ನು ತಂದರೂ ಹೊಸ್ತಿಲಲ್ಲಿ ನಿಂತು "ಇದು ಈ ಮನೆಗೆ ತಕ್ಕದ್ದೇ?" ಎಂದು ಕೇಳುವ ಅಧಿಕಾರ ಸತಿಗೆ ಇತ್ತು, ಮಾರಯ್ಯನವರು ಆ ಅಧಿಕಾರವನ್ನು ಮನ್ನಿಸಿದರು. ಅಕ್ಕಿಯಾದರೆ ಹಿಂದಕ್ಕೆ ಒಯ್ದು ಸುರಿಯಬಹುದು. ಜೀವವನ್ನು ಹಾಗೆ ಸುರಿದು ಬರಲಾಗದು. ಆದುದರಿಂದಲೇ ಜೀವವನ್ನು ತರುವಾಗ ಹೊಸ್ತಿಲಲ್ಲಿ ಕೇಳುವ ಪ್ರಶ್ನೆಗೆ ಇನ್ನೂ ಹೆಚ್ಚಿನ ತೂಕವಿದೆ. "ಇದನ್ನ ಯಾಕ ತಂದ್ರಿ?" ಎಂದು ಆಕೆ ಕೇಳಿದ್ದಳು. ಆಕೆಗೆ ಬಂದ ಉತ್ತರ ಬಾಯಿ ಮುಚ್ಚಿಸುವ ಉತ್ತರವಾಗಿತ್ತು. ಮರಿಗೆ ಆ ರಾತ್ರಿ ಆಸರೆ ಕೊಟ್ಟು, ಬೆಳಿಗ್ಗೆ ಇಬ್ಬರೂ ಕುಳಿತು, ಸಾಕುವುದಾದರೆ ಯಾರು ಏನು ಮಾಡತಕ್ಕದ್ದೆಂದು ಮಾತಾಡಬಹುದಾಗಿತ್ತು. ಎಂಟು ತಿಂಗಳಲ್ಲಿ ಅಂತಹ ಬೆಳಗು ಬರಲಿಲ್ಲ.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ಬಲ್ಲವರು ಇಲ್ಲೊಂದು ಪಾಠವನ್ನು ಕಾಣಬಹುದು. ಶಕವರ್ಷ 872, ಅಂದರೆ ಕ್ರಿ.ಶ. 949-50ರ ಕಾಲದ ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ದೊರೆ ಇಮ್ಮಡಿ ಬೂತುಗನು ಬೇಡಿದ್ದನ್ನು ಕೊಡುವೆನೆಂದಾಗ, ಆ ವೀರನು ಬೇಡಿದ್ದು ಕಾಳಿಯೆಂಬ ಹೆಸರಿನ ಒಂದು ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ ಹಂದಿಯನ್ನು ಕೊಂದು ತಾನೂ ಸತ್ತಿತು. ಆತಕೂರಿನ ಶಿವಾಲಯದ ಮುಂದೆ ಅದಕ್ಕಾಗಿ ಕಲ್ಲು ನಿಲ್ಲಿಸಿದರು. ಅದನ್ನು ಪೂಜಿಸುವ ಕೆಲಸವನ್ನು ಅಲ್ಲಿಯ ಗೊರವನಿಗೆ ಒಪ್ಪಿಸಿದರು. ಪೂಜಿಸದೆ ಉಂಡರೆ ಪಾಪವೆಂಬ ಕಟ್ಟನ್ನೂ ಹಾಕಿದರು. ಆದರೆ ಬರಿಯ ಕಟ್ಟು ಹಾಕಿ ಮನೆಗೆ ಹೋಗಲಿಲ್ಲ. ಆ ಕೆಲಸಕ್ಕೆಂದು ಭೂಮಿಯನ್ನು ದತ್ತಿಯಾಗಿ ಬಿಟ್ಟರು. ತನ್ನ ಪ್ರೀತಿಯ ನಾಯಿಗಾಗಿ ಇನ್ನೊಬ್ಬನು ಶ್ರಮಪಡಬೇಕಾದರೆ ಅವನಿಗೆ ಆಧಾರ ಒದಗಿಸಬೇಕೆಂಬ ವಿವೇಕ ಸಾವಿರ ವರ್ಷದ ಹಿಂದಿನ ಆ ಯೋಧನಿಗಿತ್ತು. ಈಗ ಬೆಲೆ ಕೊಟ್ಟು ಮುಧೋಳದ ನಾಯಿಯನ್ನು ತಂದು, ಓಡುವುದಕ್ಕೇ ಹುಟ್ಟಿದ ಆ ಪ್ರಾಣಿಯನ್ನು ಹಿತ್ತಲಿನ ಕಂಬಕ್ಕೆ ಕಟ್ಟಿ, ಅದರ ಚಾಕರಿಯನ್ನು ಮನೆಯ ಹೆಂಗಸರಿಗೋ ಆಳಿಗೋ ಬಿಟ್ಟು, ಮೀಸೆ ತಿರುವುವವರಿಗೆ ಏನೆನ್ನಬೇಕು?

ಕಥೆಗೆ ಮರಳಬೇಕು. ಮಾತು ನಿಂತ ಆರನೆಯ ದಿನ ಯಜಮಾನನು ಸಾಮಾನು ತರಲು ಹುಬ್ಬಳ್ಳಿಗೆ ಹೋದನು. ಅದೇ ದಿನ ಹೆಂಡತಿಯ ಅಣ್ಣ ಬಂದಿದ್ದನು. ಆಕೆ ಅಣ್ಣನಿಗೆ ಹೇಳಿ ನಾಯಿಯನ್ನು ಟಂಟಂ ಗಾಡಿಯಲ್ಲಿ ಹಾಕಿಸಿ, ಹನ್ನೆರಡು ಕಿಲೋಮೀಟರ್ ದೂರದ ಸಂತೆಯ ಊರಿನಲ್ಲಿ ಬಿಟ್ಟುಬರುವಂತೆ ಮಾಡಿದಳು. ಗಾಡಿ ಹೊರಡುವಾಗ ಕರಿಯನು ಆಕೆಯ ಮುಖವನ್ನೇ ನೋಡುತ್ತಿದ್ದನಂತೆ. ಆಕೆ ಒಳಗೆ ಹೋಗಿ ಕದ ಹಾಕಿಕೊಂಡಳು.

ಇದು ತಪ್ಪು, ಆಕೆಯ ದಣಿವು ಎಷ್ಟೇ ನಿಜವಾದರೂ ಇದು ತಪ್ಪು. ತಾಯಿಯಿಂದ ಅಗಲಿಸಿ ಕೈತುತ್ತಿನಿಂದ ಬೆಳೆಸಿದ ನಾಯಿಗೆ ಬೀದಿಯಲ್ಲಿ ಅನ್ನ ಹುಡುಕುವ ವಿದ್ಯೆ ಬರುವುದಿಲ್ಲ. ಪ್ರತಿ ಓಣಿಗೂ ಅಲ್ಲಿಯವೇ ಆದ ನಾಯಿಗಳಿರುತ್ತವೆ. ಹೊಸದು ಬಂದರೆ ಹರಿದು ಹಾಕುತ್ತವೆ. ಹಸಿವು ಬಾಯಾರಿಕೆಗಳಿಂದ ನರಳುವಂತಹ ಸ್ಥಿತಿಯಲ್ಲಿ ಪ್ರಾಣಿಯನ್ನು ಕೈಬಿಡುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆಯಂತೆ ಅಪರಾಧವೂ ಹೌದು. ಕಾಯಿದೆ ಹಾಗಿರಲಿ, ಗಂಡಹೆಂಡಿರ ವ್ಯಾಜ್ಯದಲ್ಲಿ ಮೂರನೆಯ ಪಕ್ಷವೊಂದಿತ್ತು, ಅದಕ್ಕೆ ಬಾಯಿ ಇರಲಿಲ್ಲ. ತರುವಾಗ ಅದನ್ನು ಯಾರೂ ಕೇಳಲಿಲ್ಲ, ಕಳುಹಿಸುವಾಗಲೂ ಕೇಳಲಿಲ್ಲ. ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿ ಪ್ರಕ್ಷಿಪ್ತವೆನಿಸಿದ ಸರ್ಗಗಳಲ್ಲಿ ತಲೆಗೆ ಏಟು ತಿಂದ ನಾಯಿಯೊಂದು ಶ್ರೀರಾಮನ ಬಾಗಿಲಿಗೆ ಬಂದು ನ್ಯಾಯ ಕೇಳುವ ಕಥೆಯಿದೆ. ಅಲ್ಲಿ ಅದಕ್ಕೆ ಮಾತು ಬರುತ್ತಿತ್ತು. ತನ್ನನ್ನು ಹೊಡೆದವನಿಗೆ ಶಿಕ್ಷೆಯಾಗಿ ಕುಲಪತಿಯ ಪಟ್ಟವನ್ನು ಕೊಡಿಸಬೇಕೆಂದು ಬೇಡಿತು. ಪೂರ್ವಜನ್ಮದಲ್ಲಿ ತಾನೂ ಆ ಪಟ್ಟದಲ್ಲಿದ್ದು ಈ ಗತಿಗೆ ಬಂದೆನೆಂದು ಅದು ಕೊಟ್ಟ ಕಾರಣವನ್ನು ಮಠದ ಪತ್ರಿಕೆಯಲ್ಲಿ ವಿಸ್ತರಿಸದಿರುವುದೇ ಲೇಸು. ಕರಿಯನಿಗೆ ಅಂತಹ ಬಾಯಿ ಇರಲಿಲ್ಲ.

ಯಜಮಾನನು ಹಿಂತಿರುಗಿ ಸಂಗತಿ ತಿಳಿದಾಗ ಕೂಗಾಡಲಿಲ್ಲ. ಊಟ ಬಿಟ್ಟನು. ಮರುದಿನದಿಂದ ಎರಡು ದಿನ ಅಂಗಡಿ ಮುಚ್ಚಿ ಮೋಟಾರ್ ಸೈಕಲ್ ಮೇಲೆ ಸುತ್ತಮುತ್ತಲಿನ ಹಳ್ಳಿಗಳನ್ನು ತಿರುಗಿದನು. ಎಂಟು ತಿಂಗಳು ಆ ನಾಯಿಗಾಗಿ ಮುಂಜಾನೆಯ ಅರ್ಧ ತಾಸು ಸಿಕ್ಕದವನಿಗೆ ಈಗ ಎರಡು ಇಡೀ ದಿನಗಳು ಸಿಕ್ಕವು. ಇದನ್ನು ಹಾಸ್ಯಕ್ಕಾಗಿ ಹೇಳಿದ್ದಲ್ಲ. ಕಳೆದುಕೊಂಡದ್ದಕ್ಕೆ ಕೊಡುವಷ್ಟು ಹೊತ್ತನ್ನು ಇದ್ದದ್ದಕ್ಕೆ ಕೊಡದಿರುವುದು ಆತನೊಬ್ಬನ ದೋಷವಲ್ಲ.

ಅತ್ತ ಹೆಂಡತಿ ಎರಡು ಹೊತ್ತೂ ಅಭ್ಯಾಸಬಲದಿಂದ ಒಂದು ರೊಟ್ಟಿಯನ್ನು ಮುರಿದು ಮಜ್ಜಿಗೆಯಲ್ಲಿ ಹಾಕುತ್ತಿದ್ದಳು; ಹಾಕಿದ ಮೇಲೆ ನೆನಪಾಗುತ್ತಿತ್ತು. ಎಂಟನೆಯ ದಿನ ರಾತ್ರಿ ಅತ್ತೆ ಅದನ್ನು ನೋಡಿದರು. ಮಗನೂ ಅಲ್ಲೇ ಕುಳಿತಿದ್ದನು. ಮುದುಕಿ ಇಬ್ಬರಿಗೂ ಬುದ್ಧಿ ಹೇಳಲಿಲ್ಲ. ಮಗನ ಕಡೆ ತಿರುಗಿ, "ತಮ್ಮಾ, ಆ ನಾಯಿ ತಾಟು ಎಂಟು ತಿಂಗಳಾಗ ನೀ ಎಷ್ಟು ಸರತೆ ತೊಳದಿ?" ಎಂದು ಮಾತ್ರ ಕೇಳಿದರು. ಆತನು ಉತ್ತರ ಕೊಡಲಿಲ್ಲ. ಆಮೇಲೆ ಸೊಸೆಯ ಕಡೆ ತಿರುಗಿ, "ಯವ್ವಾ, ನೀ ಮಡಿ ಮಾಡಾಕಿ ಅಲ್ಲ ಬಿಡು. ಖರೇ ಏನೈತಿ ಹೇಳು" ಎಂದರು.

ಆಗ ಹೊರಬಿದ್ದ ಸಂಗತಿಯನ್ನು ಹದಿನಾಲ್ಕು ವರ್ಷ ಆಕೆ ಆ ಮನೆಯಲ್ಲಿ ಆಡಿರಲಿಲ್ಲ. ತವರುಮನೆಯಲ್ಲಿ ಆಕೆ ಒಂಬತ್ತು ವರ್ಷದವಳಿದ್ದಾಗ ಆರು ವರ್ಷದ ತಮ್ಮನಿಗೆ ಊರ ನಾಯಿಯೊಂದು ಕಾಲಿಗೆ ಕಚ್ಚಿತ್ತು. ಸಣ್ಣ ಗಾಯ. ಸುಣ್ಣ ಅರಿಷಿಣ ಹಚ್ಚಿ ಬಿಟ್ಟರು. ಎರಡು ತಿಂಗಳು ಕಳೆದ ಮೇಲೆ ಹುಡುಗನು ನೀರಿನ ತಂಬಿಗೆ ಕಂಡರೆ ಬೆದರಹತ್ತಿದನು. ನಾಲ್ಕನೆಯ ದಿನ ಹೋದನು. ಕರಿಯನು ಮಕ್ಕಳೊಡನೆ ಆಡುತ್ತ ಅವರ ಕೈಯನ್ನು ಬಾಯಲ್ಲಿ ಹಿಡಿದಾಗಲೆಲ್ಲ ಒಲೆಯ ಮುಂದೆ ಕುಳಿತವಳ ಎದೆ ಹೊಡೆದುಕೊಳ್ಳುತ್ತಿತ್ತು. ನಾಯಿಗೆ ಸೂಜಿ ಹಾಕಿಸಿರೆಂದು ಎರಡು ಸಲ ಹೇಳಿದ್ದಳು. ನಾಳೆ ನೋಡೋಣವೆಂಬ ಉತ್ತರ ಬಂದಿತ್ತು.

ಹುಚ್ಚುನಾಯಿಯ ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ಬದುಕಿದವರು ಇಲ್ಲವೆನ್ನುವಷ್ಟು ವಿರಳ. ಆದರೆ ಮೊದಲೇ ತಡೆಯುವುದು ಪೂರ್ಣ ಸಾಧ್ಯ. ಫ್ರಾನ್ಸಿನ ಲೂಯಿ ಪಾಶ್ಚರನು 1885ರಲ್ಲಿಯೇ ಅದರ ಲಸಿಕೆಯನ್ನು ಒಬ್ಬ ಬಾಲಕನಿಗೆ ಹಾಕಿ ತೋರಿಸಿದನು. ನಾಯಿ ಕಚ್ಚಿದ ಗಾಯವನ್ನು ಒಡನೆಯೇ ಹರಿಯುವ ನೀರು ಮತ್ತು ಸಾಬೂನಿನಿಂದ ಹದಿನೈದು ನಿಮಿಷ ತೊಳೆದು, ತಡಮಾಡದೆ ದವಾಖಾನೆಗೆ ಹೋಗತಕ್ಕದ್ದು. ಸುಣ್ಣ, ಅರಿಷಿಣ, ಮೆಣಸಿನಪುಡಿ ಹಚ್ಚಕೂಡದು. ಹೊಟ್ಟೆಗೆ ಹದಿನಾಲ್ಕು ಸೂಜಿಗಳೆಂಬ ಹಳೆಯ ಹೆದರಿಕೆಗೆ ಈಗ ಆಸ್ಪದವಿಲ್ಲ. ಆ ಪದ್ಧತಿ ನಿಂತು ಬಹಳ ವರ್ಷಗಳಾದವು, ಈಗ ತೋಳಿಗೆ ಕೆಲವೇ ಸೂಜಿಗಳು. ಸಾಕಿದ ನಾಯಿಗೆ ಮೂರು ತಿಂಗಳ ಸುಮಾರಿಗೆ ಲಸಿಕೆ ಹಾಕಿಸಿ, ಮುಂದೆ ಪಶುವೈದ್ಯರು ಹೇಳಿದ ಕಾಲಕ್ಕೆ ಮತ್ತೆ ಹಾಕಿಸಬೇಕು. ಸಾಕುವೆನೆಂದು ಬಾಯಲ್ಲಿ ಆಡಿದವನು ಮಾಡಲೇಬೇಕಾದ ಕೆಲಸ ಇದು. ಎಂಟು ತಿಂಗಳ ದಯೆಯಲ್ಲಿ ಇದೊಂದು ಸೇರಿರಲಿಲ್ಲ.

ಒಂಬತ್ತನೆಯ ದಿನ ನಸುಕಿನಲ್ಲಿ ಹಿತ್ತಲ ಬಾಗಿಲ ಬಳಿ ಸಪ್ಪಳವಾಯಿತು. ಕಿವಿ ಹರಿದು, ಮುಂಗಾಲು ಕುಂಟುತ್ತ ಕರಿಯನು ತಾನೇ ಬಂದಿದ್ದನು. ಯಜಮಾನನು ಕಟ್ಟೆಯಿಂದ ಓಡಿ ಬಂದು ಕರೆದನು. ನಾಯಿ ಆತನ ಕೈಯನ್ನು ಒಮ್ಮೆ ಮೂಸಿ, ಆತನನ್ನು ದಾಟಿ, ಅಡಿಗೆಮನೆಯ ಹೊಸ್ತಿಲಿಗೆ ಹೋಗಿ, ತನ್ನನ್ನು ಗಾಡಿಗೆ ಹಾಕಿಸಿದವಳ ಕಾಲ ಬಳಿ ಮಲಗಿತು. ಆಕೆ ಸೆರಗು ಬಾಯಿಗೆ ಹಿಡಿದು ನಿಂತಳು. ಆಮೇಲೆ ಬಿಸಿನೀರು ತಂದು ಅದರ ಕಿವಿ ತೊಳೆದಳು. ಯಾರಿಗೆ ಯಾರ ಮೇಲೆ ನಿಯತ್ತು ಎಂಬ ವಿಚಾರ ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಅದೇ ದಿನ ಯಜಮಾನನು ನಾಯಿಯನ್ನು ಸರಕಾರಿ ಪಶು ಆಸ್ಪತ್ರೆಗೆ ಒಯ್ದು ಗಾಯಕ್ಕೆ ಔಷಧ, ರೋಗಕ್ಕೆ ಸೂಜಿ ಎರಡನ್ನೂ ಹಾಕಿಸಿದನು. ಮರುದಿನ ಹಿತ್ತಲಿನಲ್ಲಿ ತಗಡು ಹಾಕಿ ಅದಕ್ಕೊಂದು ಗೂಡು ಮಾಡಿದನು. ಪಡಸಾಲೆಗೆ ಬಾರದಂತೆ ಬಾಗಿಲಿಗೆ ಅಡ್ಡಹಲಗೆ ಬಿತ್ತು. ಅದಾವುದಕ್ಕೂ ಮಾತು ಬೇಕಾಗಿರಲಿಲ್ಲವಾದ್ದರಿಂದ ಇಬ್ಬರೂ ಇನ್ನೂ ಮೌನವಾಗಿಯೇ ಇದ್ದರು. ಹನ್ನೊಂದನೆಯ ದಿನ ಬೆಳಗಿನ ಪೂಜೆ ಮುಗಿಸಿ, ಅಂಗಡಿಗೆ ಹೋಗುವ ಮೊದಲು, ಆತನು ಕರಿಯನ ಜರ್ಮನ್ ತಾಟನ್ನು ತೆಗೆದುಕೊಂಡು ನಳದ ಬಳಿ ಕುಳಿತನು. ತೊಳೆದು ಗೊತ್ತಿಲ್ಲದ ಕೈ. ಬರಿಯ ನೀರು ಸುರಿದು ಬೆರಳಿನಿಂದ ಉಜ್ಜುತ್ತಿದ್ದನು. ಆಕೆ ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತು ನೋಡಿದಳು.

"ಬೂದಿ ಹಚ್ಚಿ ತಿಕ್ಕರಿ. ಹಂಗ ತೊಳದರ ಜಿಡ್ಡು ಹೋಗಂಗಿಲ್ಲ" ಎಂದಳು.

"ಬೂದಿ ಎಲ್ಲೈತಿ?" ಎಂದು ಕೇಳಿದನು ಆತನು.